ಬಾಂಬ್ ಬಿದ್ದ ಮನೆಯೊಳಗೆ ಒಂದು ಹೆಣ ಜಾಸ್ತಿ: 1941ರ ಲಂಡನ್ನಿನಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಗೆ ವಿವರ ಬೇಕು

ಕಾರಿರುಳು

ಎರಡನೇ ಮಹಾಯುದ್ಧದ ಕಾಲದ ಲಂಡನ್ನಿನಲ್ಲಿ ನಡೆಯುವ ಕೊಲೆಯ ಕಥೆಯೊಂದಕ್ಕೆ ಹಂದರ ಹಾಕುತ್ತಿದ್ದೇನೆ. ರಣರಂಗ ಇಲ್ಲ, ಸೇನಾಧಿಕಾರಿಗಳಿಲ್ಲ. ತೇಮ್ಸ್ ನದಿಯ ದಕ್ಷಿಣಕ್ಕಿರುವ ಲ್ಯಾಂಬೆತ್, ಅಲ್ಲೊಂದು ಬಾಡಿಗೆ ಕೋಣೆಗಳ ಮನೆ, ಅದನ್ನು ನಡೆಸುವ ಗಂಡ ಹೆಂಡತಿ. 1941ರ ಏಪ್ರಿಲ್‌ನಲ್ಲಿ ಗಂಡ ಹೆಂಡತಿಯ ಕತ್ತು ಹಿಸುಕುತ್ತಾನೆ. ಎರಡು ದಿನ ಹೆಣ ನೆಲಮಾಳಿಗೆಯಲ್ಲಿರುತ್ತದೆ. ವಾಯುದಾಳಿ ಆದ ರಾತ್ರಿ ಅದನ್ನು ಪಕ್ಕದ ಬೀದಿಯಲ್ಲಿ ಕುಸಿದ ಮನೆಯೊಳಗೆ ಹಾಕಿ ಬರುತ್ತಾನೆ. ಬೆಳಗ್ಗೆ ರಕ್ಷಣಾ ದಳದವರು ಎತ್ತುತ್ತಾರೆ, ಬಾಂಬಿಗೆ ಸತ್ತವರ ಪಟ್ಟಿಗೆ ಸೇರಿಸುತ್ತಾರೆ.

ನನಗೆ ಬೇಕಾದದ್ದು ಇದರ ಮುಂದಿನದು. ಯಾರಿಗೆ, ಯಾವುದನ್ನು ನೋಡಿ ಮೊದಲು ಅನುಮಾನ ಬರುತ್ತದೆ? ಅಷ್ಟೊಂದು ಸಾವುಗಳ ನಡುವೆ ಮರಣೋತ್ತರ ಪರೀಕ್ಷೆ ನಡೆಯುತ್ತಿತ್ತೇ? ಬ್ಲ್ಯಾಕ್‌ಔಟ್ ಕತ್ತಲಲ್ಲಿ, ಅಂದರೆ ವಾಯುದಾಳಿಯ ಭಯಕ್ಕೆ ಊರಿನ ದೀಪಗಳನ್ನೆಲ್ಲ ಮರೆಮಾಡಿದ ರಾತ್ರಿಗಳಲ್ಲಿ, ಹೆಣ ಸಾಗಿಸುವುದು ಸಲೀಸು ಅಂತ ನನ್ನ ಲೆಕ್ಕ. ಅದು ಸರಿಯೇ?

ಹಳೇನಕ್ಷೆ

ಸರ್, ಮೊದಲು ದಿನಾಂಕ ಗಟ್ಟಿ ಮಾಡಿಕೊಳ್ಳಿ. ಲಂಡನ್ ಮೇಲೆ 1940ರ ಸೆಪ್ಟೆಂಬರ್ 7ರಿಂದ ಎರಡು ತಿಂಗಳ ಹತ್ತಿರ ಬಹುತೇಕ ಪ್ರತಿ ರಾತ್ರಿ ಬಾಂಬ್ ಬಿತ್ತು. 1941ರ ವಸಂತಕ್ಕೆ ಬಂದರೆ ಚಿತ್ರವೇ ಬೇರೆ. ದಾಳಿಗಳ ನಡುವೆ ದಿನಗಟ್ಟಲೆ ಬಿಡುವು, ಬಂದಾಗ ಮಾತ್ರ ಭೀಕರ. ಏಪ್ರಿಲ್ 16ರ ಬುಧವಾರ ರಾತ್ರಿ ಮತ್ತು 19ರ ಶನಿವಾರ ರಾತ್ರಿ ದೊಡ್ಡ ದಾಳಿಗಳು. ಒಂದೊಂದರಲ್ಲೂ ಸಾವಿರಕ್ಕೂ ಮೇಲೆ ಜನ ಸತ್ತರು. ನಿಮ್ಮ ಕೊಲೆ 14ರಂದು ಆದರೆ 16ಕ್ಕೆ ಎರಡು ದಿನ ಸರಿಹೋಗುತ್ತದೆ. ಆದರೆ 16ಕ್ಕೆ ದಾಳಿ ಇದೆ ಎಂದು ಕೊಲೆಗಾರನಿಗೆ ಮೊದಲೇ ತಿಳಿಯಲು ಸಾಧ್ಯವಿಲ್ಲ. ಹೆಣ ಇಟ್ಟುಕೊಂಡು ದಾಳಿಗಾಗಿ ಕಾಯುವ ಆ ಎರಡು ದಿನವನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಪುಸ್ತಕದ ಮೊದಲ ಭಾಗ ಅಲ್ಲೇ ಇದೆ ಅನಿಸುತ್ತದೆ.

ಇನ್ನು ಗಡಿಯಾರ. ಯುದ್ಧಕಾಲದ ಕಥೆಗಳಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗ ಇದು. 1940ರ ಫೆಬ್ರುವರಿಯಲ್ಲಿ ಗಂಟೆಯನ್ನು ಒಂದು ತಾಸು ಮುಂದೆ ಹಾಕಿದವರು ಆ ಚಳಿಗಾಲದಲ್ಲಿ ಹಿಂದಕ್ಕೆ ತಿರುಗಿಸಲೇ ಇಲ್ಲ. 1941ರ ಮೇ 4ರಿಂದ ಬೇಸಿಗೆಗೆ ಇನ್ನೊಂದು ತಾಸು ಸೇರಿಸಿದರು. ಹಾಗಾಗಿ 1940ರ ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನಲ್ಲಿ ಸೂರ್ಯ ಹುಟ್ಟುತ್ತಿದ್ದದ್ದು ಬೆಳಗ್ಗೆ ಒಂಬತ್ತರ ಮೇಲೆ. ಕೆಲಸಕ್ಕೆ ಹೋಗುವವರು ಕತ್ತಲಲ್ಲೇ ಹೋಗುತ್ತಿದ್ದರು. 1941ರ ಜೂನ್‌ನಲ್ಲಿ ಮುಳುಗುತ್ತಿದ್ದದ್ದು ರಾತ್ರಿ ಹತ್ತೂ ಇಪ್ಪತ್ತರ ಸುಮಾರಿಗೆ. ನಿಮ್ಮ ಏಪ್ರಿಲ್ 16ಕ್ಕೆ ಸೂರ್ಯಾಸ್ತ ಎಂಟಕ್ಕೆ ಸ್ವಲ್ಪ ಮೊದಲು. ಬ್ಲ್ಯಾಕ್‌ಔಟ್ ಸೂರ್ಯಾಸ್ತವಾಗಿ ಅರ್ಧ ಗಂಟೆಗೆ ಶುರುವಾಗಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಮುಗಿಯುತ್ತಿತ್ತು. ‘ಸಂಜೆ ಏಳಕ್ಕೆ ಗಾಢ ಕತ್ತಲು’ ಅಂತ ಬರೆದರೆ ಆ ಅಧ್ಯಾಯ ಪೂರ್ತಿ ಬಿದ್ದುಹೋಗುತ್ತದೆ.

ಚಂದ್ರನನ್ನೂ ನೋಡಿ. ಆ ತಿಂಗಳು ಹುಣ್ಣಿಮೆ 11ರ ಆಸುಪಾಸು. 16 ಅಂದರೆ ಬಹುಳ ಪಂಚಮಿಯ ಹತ್ತಿರ, ಚಂದ್ರ ಹುಟ್ಟುವುದೇ ತಡರಾತ್ರಿ. ಮುಂದೆ ಮೇ 10ರ ರಾತ್ರಿ ಪಾರ್ಲಿಮೆಂಟಿನ ಕಾಮನ್ಸ್ ಸಭಾಂಗಣ ಸುಟ್ಟದ್ದು ಹುಣ್ಣಿಮೆ ಬೆಳಕಿನಲ್ಲಿ. ಬಾಂಬರ್‌ಗಳಿಗೆ ಅನುಕೂಲವಾದ ಬೆಳದಿಂಗಳು ಹೆಣ ಹೊರುವವನಿಗೆ ಪ್ರತಿಕೂಲ.

ಹೆಣ ಸಾಗಿಸುವುದು ಸಲೀಸು ಎಂಬುದನ್ನು ನಾನು ಒಪ್ಪುವುದಿಲ್ಲ. ದಾಳಿಯಿಲ್ಲದ ರಾತ್ರಿ ಬೀದಿ ಖಾಲಿ. ದಾಳಿಯ ರಾತ್ರಿ ಬೀದಿ ಕಾಯುವ ವಾಯುದಾಳಿ ವಾರ್ಡನ್‌ಗಳು, ಬೆಂಕಿ ಕಾವಲಿನವರು, ಅಗ್ನಿಶಾಮಕ ದಳ, ಆಂಬುಲೆನ್ಸ್, ರಕ್ಷಣಾ ದಳ ಎಲ್ಲರೂ ಹೊರಗೇ ಇರುತ್ತಾರೆ. ಬಾಂಬ್ ಬಿದ್ದ ಜಾಗಕ್ಕೆ ಹಗ್ಗ ಕಟ್ಟಿ, ನೀಲಿ ದೀಪ ಇಟ್ಟು ಒಬ್ಬ ಅಧಿಕಾರಿ ನಿಂತಿರುತ್ತಾನೆ. ಹೊತ್ತಿ ಉರಿಯುವ ಕಟ್ಟಡಗಳಿಂದ ಬೀದಿಯೇ ಬೆಳಗುತ್ತಿರುತ್ತದೆ. ನಿಮ್ಮವನಿಗೆ ಇರುವ ಅವಕಾಶ ಬಾಂಬ್ ಬಿದ್ದ ಮೊದಲ ಕೆಲವು ನಿಮಿಷ, ಧೂಳು ಇನ್ನೂ ಇಳಿಯದ ಹೊತ್ತು. ಅಷ್ಟರಲ್ಲಿ ಪಕ್ಕದ ಬೀದಿಗೆ ಹೆಣ ಹೊತ್ತು ಹೋಗಲು ಆಗದು. ಬಾಂಬ್ ಬಿದ್ದದ್ದು ಪಕ್ಕದ ಮನೆಗೇ ಆಗಿ, ಎರಡೂ ನೆಲಮಾಳಿಗೆಗಳ ನಡುವಿನ ಗೋಡೆ ಒಡೆದಿದ್ದರೆ ಮಾತ್ರ ನಂಬಬಹುದು.

ಶವಪರೀಕ್ಷೆ

ಮರಣೋತ್ತರ ಪರೀಕ್ಷೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಯುದ್ಧ ಕಾರ್ಯಾಚರಣೆಯಿಂದ ಆದ ಸಾವಿಗೆ ಕಾರೊನರ್ (ಅಸಹಜ ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ವಿಚಾರಣೆ ಕಡ್ಡಾಯವಾಗಿರಲಿಲ್ಲ. ರಕ್ಷಣಾ ನಿಯಮಗಳಡಿ ಅದಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಣಕ್ಕೆ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂಬ ಚೀಟಿ ಕಟ್ಟುತ್ತಿದ್ದರು. ಸ್ಥಳೀಯ ಸಂಸ್ಥೆಯ ಶವಾಗಾರದಲ್ಲಿ ಬಟ್ಟೆ, ಒಡವೆ, ಗುರುತು ಬರೆದುಕೊಂಡು, ಸಂಬಂಧಿಕರು ಗುರುತಿಸಿದ ಮೇಲೆ ನೋಂದಣಿ ಮಾಡುತ್ತಿದ್ದರು. ದೇಹ ಕೊಯ್ದು ನೋಡುವುದು ವಾಡಿಕೆಯಲ್ಲಿ ಇರಲಿಲ್ಲ. ಅಂದರೆ ನಿಮ್ಮ ಕೊಲೆಗಾರನ ಯೋಜನೆಗೆ ಕಾನೂನೇ ಬಾಗಿಲು ತೆರೆದಿಟ್ಟಿತ್ತು. ಯುದ್ಧಕಾಲದ ಪತ್ತೇದಾರಿ ಕಥೆಯ ಜೀವ ಈ ಅಂಶದಲ್ಲಿದೆ, ಇದನ್ನು ಚೆನ್ನಾಗಿ ಬಳಸಿ.

ಆದರೆ ಶವಾಗಾರದಲ್ಲಿ ಬಟ್ಟೆ ಬಿಚ್ಚುವವರು, ಮುಖ ತೊಳೆಯುವವರು ಇರುತ್ತಾರೆ. ನೂರಾರು ಹೆಣ ನೋಡಿದವರಿಗೆ ಯಾವುದು ವಾಡಿಕೆ ಎಂಬುದು ಗೊತ್ತು. ಅವರ ಕಣ್ಣಿಗೆ ಬೀಳಬಹುದಾದವು ಇವು.

ಧೂಳು. ಮನೆ ಕುಸಿದಾಗ ಬದುಕಿದ್ದವರ ಮೂಗು, ಬಾಯಿ, ಗಂಟಲಿನ ಒಳಗೆ ಗಾರೆಯ ಧೂಳು ಹೋಗಿರುತ್ತದೆ. ಉಸಿರಾಡದವಳ ಮೈಮೇಲೆ ಮಾತ್ರ ಧೂಳು, ಗಂಟಲು ಶುಭ್ರ.

ರಕ್ತ ಇಳಿದ ಕಲೆ. ಸತ್ತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ನೇರಳೆ ಬಣ್ಣದ ಕಲೆಯಾಗುತ್ತದೆ. ಎಂಟು ಹತ್ತು ಗಂಟೆ ಕಳೆದರೆ ಅದು ಬಹುಮಟ್ಟಿಗೆ ಹಾಗೇ ನಿಂತುಬಿಡುತ್ತದೆ. ನೆಲಮಾಳಿಗೆಯಲ್ಲಿ ಅಂಗಾತ ಮಲಗಿಸಿದ್ದವಳು ಅವಶೇಷದಡಿ ಬೋರಲಾಗಿ ಸಿಕ್ಕಿದರೆ ಕಲೆ ಬೆನ್ನಿನ ಮೇಲೇ ಇರುತ್ತದೆ.

ಗಾಯ. ಇಟ್ಟಿಗೆ, ತೊಲೆ ಬಿದ್ದು ಚರ್ಮ ಹರಿದಿದೆ, ಆದರೆ ಸುತ್ತ ಊತವಿಲ್ಲ, ರಕ್ತ ಹೊರಬಂದಿಲ್ಲ ಅಂದರೆ ಗಾಯ ಆಗುವ ಹೊತ್ತಿಗೆ ಹೃದಯ ನಿಂತಿತ್ತು.

ಹೆಣ ಸೆಟೆಯುವುದು. ಸತ್ತು ಐದಾರು ಗಂಟೆಯಾದ ದೇಹ ಸೆಟೆದಿರಬೇಕು. ಇವಳದು ಆಗಲೇ ಸಡಿಲವಾಗಲು ಶುರುವಾಗಿದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಏಪ್ರಿಲ್‌ನ ತಣ್ಣನೆಯ ನೆಲಮಾಳಿಗೆಯಲ್ಲಿ ಸೆಟೆತ ಹೆಚ್ಚು ಹೊತ್ತು ಉಳಿಯುತ್ತದೆ. ಇದೊಂದನ್ನೇ ಸಾಕ್ಷಿಯಾಗಿ ನಿಲ್ಲಿಸಬೇಡಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೈಮೇಲೆ ಗಾಯವೇ ಇಲ್ಲ ಎಂಬುದನ್ನು ಅನುಮಾನಕ್ಕೆ ಕಾರಣ ಮಾಡಬೇಡಿ. ಸ್ಫೋಟದ ಒತ್ತಡಕ್ಕೆ ಶ್ವಾಸಕೋಶ ಒಡೆದು, ಹೊರಗೆ ಒಂದು ಗೀರೂ ಇಲ್ಲದೆ ಸತ್ತವರು ಆಗ ಬೇಕಾದಷ್ಟು ಮಂದಿ.

ನಿಧಾನಓದು

ಕಥೆ ಕೇಳಿದ ತಕ್ಷಣ ಡಾಬ್ಕಿನ್ ಪ್ರಕರಣ ನೆನಪಾಯಿತು. ಅದೇ ಲ್ಯಾಂಬೆತ್, ಅದೇ 1941ರ ಏಪ್ರಿಲ್, ಗಂಡನೇ ಕೊಲೆಗಾರ. ತುಂಬಾ ಹತ್ತಿರ ಹೋದರೆ ಓದುಗರು ಮೂರನೇ ಅಧ್ಯಾಯಕ್ಕೇ ಕೊನೆ ಹೇಳಿಬಿಡುತ್ತಾರೆ. ಶವಪರೀಕ್ಷೆ ಮೇಡಂ, ಆ ಪ್ರಕರಣದ ವಿವರ ಹಾಕಿದರೆ ಎಲ್ಲಿ ಬೇರೆಯಾಗಬೇಕು ಅಂತ ಇವರಿಗೆ ತಿಳಿಯುತ್ತದೆ.

ಶವಪರೀಕ್ಷೆ

ಹಾಕುತ್ತೇನೆ.

ಹ್ಯಾರಿ ಡಾಬ್ಕಿನ್ ಕೆನಿಂಗ್ಟನ್ ಲೇನ್‌ನ ಒಂದು ಕಟ್ಟಡದಲ್ಲಿ ಬೆಂಕಿ ಕಾವಲುಗಾರ. ಪಕ್ಕದಲ್ಲೇ 1940ರ ಅಕ್ಟೋಬರ್‌ನಲ್ಲಿ ಬಾಂಬಿಗೆ ಹಾಳಾದ ಬ್ಯಾಪ್ಟಿಸ್ಟ್ ಚಾಪೆಲ್ (ಸಣ್ಣ ಇಗರ್ಜಿ). ಹೆಂಡತಿ ರೇಚಲ್ ಜೊತೆ ಅವನು ಬಾಳುತ್ತಿರಲಿಲ್ಲ, ಜೀವನಾಂಶ ಕೊಡದೆ ಹಿಂದೆ ಜೈಲಿಗೂ ಹೋಗಿದ್ದ. 1941ರ ಏಪ್ರಿಲ್ 11, ಗುಡ್ ಫ್ರೈಡೇ ದಿನ ಅವನನ್ನು ಭೇಟಿಯಾದ ರೇಚಲ್ ಮತ್ತೆ ಕಾಣಲಿಲ್ಲ. ತಂಗಿ ಮರುದಿನವೇ ದೂರು ಕೊಟ್ಟಳು. ರೇಚಲ್‌ಳ ಕೈಚೀಲ ಗಿಲ್ಡ್‌ಫರ್ಡ್‌ನ ಅಂಚೆ ಕಚೇರಿಯಲ್ಲಿ ಸಿಕ್ಕಿತು. ಮೂರು ನಾಲ್ಕು ದಿನದಲ್ಲಿ ಆ ಚಾಪೆಲ್‌ನ ನೆಲಮಾಳಿಗೆಯಲ್ಲಿ ಬೆಂಕಿ ಕಾಣಿಸಿತು. ಅದನ್ನು ಗಮನಿಸಿದ್ದು ಗಸ್ತಿನ ಪೊಲೀಸ್, ಅಲ್ಲೇ ಇದ್ದ ಕಾವಲುಗಾರನಲ್ಲ.

ಹೆಣ ಸಿಕ್ಕಿದ್ದು 1942ರ ಜುಲೈ 17ರಂದು. ಕಟ್ಟಡ ಕೆಡವುತ್ತಿದ್ದ ಕೂಲಿಗಳು ನೆಲದ ಕಲ್ಲುಚಪ್ಪಡಿ ಎತ್ತಿದಾಗ. ಬಾಂಬಿಗೆ ಸತ್ತವರು ಅಂತ ಮೊದಲಿಗೆ ಅನ್ನಿಸಿತ್ತು. ಗೈಸ್ ಆಸ್ಪತ್ರೆಯ ಡಾ. ಕೀತ್ ಸಿಂಪ್ಸನ್ ನೋಡಿದಾಗ ಮೂರು ಸಂಗತಿ ಬಯಲಾದವು. ತಲೆ, ಕೈಕಾಲು ಬೇರ್ಪಟ್ಟದ್ದು ಸ್ಫೋಟದಿಂದಲ್ಲ, ಕತ್ತರಿಸಿದ್ದರಿಂದ. ಸತ್ತದ್ದು 12ರಿಂದ 18 ತಿಂಗಳ ಹಿಂದೆ. ಮೈಮೇಲೆ ಸುಣ್ಣದ ಪುಡಿ ಇತ್ತು.

ಆ ಸುಣ್ಣದ ವಿಷಯ ವಿವರವಾಗಿ ಹೇಳಬೇಕು, ಕಥೆಗಾರರು ಇಲ್ಲೇ ಎಡವುತ್ತಾರೆ. ಸುಣ್ಣ ಹಾಕಿದರೆ ಹೆಣ ಕರಗಿಹೋಗುತ್ತದೆ ಎಂಬ ನಂಬಿಕೆ ಹಳೆಯದು. ಡಾಬ್ಕಿನ್ ಹಾಕಿದ್ದು ನೀರಿನಲ್ಲಿ ಅರಳಿದ ಸುಣ್ಣ. ಅದು ಹುಳ ಹತ್ತದಂತೆ ತಡೆಯಿತು, ಕೊಳೆಯುವುದನ್ನು ನಿಧಾನಿಸಿತು. ಹಾಗಾಗಿ ಧ್ವನಿಪೆಟ್ಟಿಗೆ ಹದಿನೈದು ತಿಂಗಳ ನಂತರವೂ ಉಳಿದಿತ್ತು. ಥೈರಾಯ್ಡ್ ಮೃದ್ವಸ್ಥಿಯ ಬಲಭಾಗದ ಮೇಲಿನ ಕೊಂಬು ಮುರಿದಿತ್ತು, ಸುತ್ತ ರಕ್ತ ಹೆಪ್ಪುಗಟ್ಟಿದ ಗುರುತಿತ್ತು. ಅದು ಕೈಯಿಂದ ಕತ್ತು ಹಿಸುಕಿದಾಗ ಆಗುವ ಪೆಟ್ಟು. ಬದುಕಿದ್ದಾಗಲೇ ಆದದ್ದು ಎಂದು ಹೆಪ್ಪುಗಟ್ಟಿದ ರಕ್ತ ಹೇಳಿತು. ಕುರುಹು ಅಳಿಸಲು ಹಾಕಿದ ಸುಣ್ಣವೇ ಕುರುಹನ್ನು ಕಾದಿಟ್ಟಿತು.

ಗುರುತು ಹಚ್ಚಿದ್ದು ಹೀಗೆ. ಕೆಳದವಡೆ ಸಿಗಲಿಲ್ಲ. ಮೇಲ್ದವಡೆಯ ಹಲ್ಲುಗಳನ್ನು ರೇಚಲ್‌ಳ ದಂತವೈದ್ಯರು ತಮ್ಮ ದಾಖಲೆಯೊಂದಿಗೆ ಹೋಲಿಸಿದರು. ಗರ್ಭಕೋಶದಲ್ಲಿ ಗಡ್ಡೆ ಇತ್ತು, ಆಸ್ಪತ್ರೆಯ ದಾಖಲೆಯಲ್ಲೂ ಅದು ಇತ್ತು. ತಲೆಬುರುಡೆಯ ಚಿತ್ರವನ್ನು ರೇಚಲ್‌ಳ ಫೋಟೊ ಮೇಲೆ ಕೂರಿಸಿ ನೋಡಿದರು. ಡಾಬ್ಕಿನ್‌ನನ್ನು 1943ರ ಜನವರಿ 27ರಂದು ವಾಂಡ್ಸ್‌ವರ್ತ್ ಜೈಲಿನಲ್ಲಿ ಗಲ್ಲಿಗೇರಿಸಿದರು.

ನಿಮ್ಮ ಕಥೆಯಲ್ಲಿ ಹೆಣ ಮರುದಿನವೇ ಸಿಗುತ್ತದೆ. ಹಾಗಾಗಿ ವೈದ್ಯರ ಜಾಣ್ಮೆಯ ಮೇಲೆ ಕಥೆ ನಿಲ್ಲಿಸುವ ಅಗತ್ಯವಿಲ್ಲ. ಸುಣ್ಣ, ಚಾಪೆಲ್, ತಲೆಬುರುಡೆಯ ಫೋಟೊ ಮೂರನ್ನೂ ಬಿಟ್ಟುಬಿಡಿ.

ರೇಷನ್‌ಚೀಟಿ

ಯಾರಿಗೆ ಮೊದಲು ಅನುಮಾನ ಎಂದು ಕೇಳಿದಿರಿ. ವಾರ್ಡನ್‌ಗೆ. ನನಗೆ ಇದರಲ್ಲಿ ಎರಡು ಮಾತಿಲ್ಲ.

ವಾರ್ಡನ್ ಅಂದರೆ ‘ದೀಪ ಆರಿಸಿ’ ಎಂದು ಕೂಗುವವನು ಅಂತ ಸಿನಿಮಾಗಳು ತೋರಿಸುತ್ತವೆ. ಅವನ ಅಸಲಿ ಕೆಲಸ ತನ್ನ ನಾಲ್ಕಾರು ಬೀದಿಗಳಲ್ಲಿ ಯಾವ ಮನೆಯಲ್ಲಿ ಎಷ್ಟು ಜನ, ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ತಿಳಿದಿರುವುದು. ಮೆಟ್ಟಿಲ ಕೆಳಗೋ, ಹಿತ್ತಲಲ್ಲಿ ಹೂತ ತಗಡಿನ ಆಂಡರ್ಸನ್ ಶೆಲ್ಟರಿನಲ್ಲೋ, ಮೆಟ್ರೊ ನಿಲ್ದಾಣದಲ್ಲೋ. ಮನೆ ಕುಸಿದಾಗ ರಕ್ಷಣಾ ದಳ ಮೊದಲು ಕೇಳುವುದು ಅವನನ್ನೇ. ಅವನು ‘ಒಳಗೆ ನಾಲ್ವರು’ ಅಂದರೆ ನಾಲ್ವರು ಸಿಗುವ ತನಕ ಅಗೆಯುತ್ತಾರೆ, ಸಿಕ್ಕ ಮೇಲೆ ನಿಲ್ಲಿಸುತ್ತಾರೆ. ನಾಲ್ವರಿದ್ದ ಮನೆಯಲ್ಲಿ ಐದನೆಯ ಹೆಣ ಸಿಕ್ಕಿದರೆ ಆ ಲೆಕ್ಕ ಕೂಡುವುದಿಲ್ಲ. ದೊಡ್ಡ ಪತ್ತೇದಾರ ಬೇಕಿಲ್ಲ, ಆ ಬೀದಿಯಲ್ಲೇ ಬೆಳೆದ ಒಬ್ಬ ವಾರ್ಡನ್ ಸಾಕು. ಆರರಲ್ಲಿ ಒಬ್ಬರು ಮಹಿಳೆಯರೇ ಇದ್ದರು, ನಿಮ್ಮ ವಾರ್ಡನ್ ಹೆಂಗಸಾಗಬಹುದು.

ಮುಂದಿನದು ಕಾಗದ. ಕೊಲೆಗಾರ ಹೆಂಡತಿಯ ಮೈಮೇಲೆ ಗುರುತಿನ ಚೀಟಿ ಬಿಟ್ಟರೆ ‘ಪಕ್ಕದ ಮನೆಯಲ್ಲಿ ಅವಳಿಗೇನು ಕೆಲಸ’ ಎಂಬ ಪ್ರಶ್ನೆ ಅವನ ಬಾಗಿಲಿಗೇ ಬರುತ್ತದೆ. ಬಿಡದಿದ್ದರೆ ಅವಳು ಗುರುತು ಸಿಗದ ಹೆಣ, ಪೊಲೀಸರು ಕಾಣೆಯಾದವರ ಪಟ್ಟಿ ತೆಗೆಯುತ್ತಾರೆ. ಎರಡೂ ಕಷ್ಟ. ಇವೆರಡರಲ್ಲಿ ಅವನು ಯಾವುದನ್ನು ಆರಿಸುತ್ತಾನೆ ಎಂಬುದರಲ್ಲೇ ಅವನ ಸ್ವಭಾವ ಗೊತ್ತಾಗುತ್ತದೆ.

ಆ ಗುರುತಿನ ಚೀಟಿಯ ವಿವರ: 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿಯಿಂದ ಹುಟ್ಟಿದ್ದು. ಮಡಚುವ ಸಣ್ಣ ರಟ್ಟು, ಸಾಮಾನ್ಯರದ್ದರಲ್ಲಿ ಫೋಟೊ ಇಲ್ಲ. ಸಂಖ್ಯೆಯಲ್ಲಿ ಮೊದಲು ಜಿಲ್ಲೆಯ ಅಕ್ಷರಗಳು, ಆಮೇಲೆ ಮನೆಯ ಸಂಖ್ಯೆ, ಕೊನೆಗೆ ಆ ಮನೆಯಲ್ಲಿ ಆ ವ್ಯಕ್ತಿಯ ಕ್ರಮಾಂಕ. ಸಾಮಾನ್ಯವಾಗಿ ಯಜಮಾನ 1, ಹೆಂಡತಿ 2. ಬೇರೊಬ್ಬ ಹೆಂಗಸಿಗೆ ಸತ್ತವಳ ಚೀಟಿ ಕೊಟ್ಟು ನಡೆಸಬಹುದು, ಫೋಟೊ ಇಲ್ಲವಲ್ಲ. ಆದರೆ ಸಂಖ್ಯೆ ನೋಡಿದ ಗುಮಾಸ್ತನಿಗೆ ಅದು ಯಾವ ಮನೆಯ ಎಷ್ಟನೆಯವಳದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಸಾವು ನೋಂದಾಯಿಸುವಾಗ ಸತ್ತವರ ಚೀಟಿಯನ್ನು ಒಪ್ಪಿಸಬೇಕಿತ್ತು.

ರೇಷನ್ ಪುಸ್ತಕ ಇದಕ್ಕಿಂತ ದೊಡ್ಡ ಬಲೆ. ಎಲ್ಲಾ ಅಂಗಡಿಗೆ ಹೋಗುವಂತಿಲ್ಲ. ಸಕ್ಕರೆ, ಬೆಣ್ಣೆ, ಬೇಕನ್, ಮಾಂಸಕ್ಕೆ ನಿಗದಿತ ಅಂಗಡಿಯಲ್ಲಿ ಹೆಸರು ನೋಂದಾಯಿಸಿ ಅಲ್ಲೇ ಕೊಳ್ಳಬೇಕು. ಎಷ್ಟು ಜನ ನೋಂದಾಯಿಸಿದ್ದಾರೋ ಅಷ್ಟಕ್ಕೆ ಅಂಗಡಿಯವನಿಗೆ ಸರಕು. ಒಬ್ಬಳು ಗಿರಾಕಿ ಎರಡು ವಾರ ಬರದಿದ್ದರೆ ಅವನಿಗೆ ಗೊತ್ತಾಗುತ್ತದೆ. ನಿಮ್ಮ ದಂಪತಿ ಬಾಡಿಗೆಮನೆ ನಡೆಸುವವರು ತಾನೇ? ಊಟ ಕೊಡುವ ಬಾಡಿಗೆಮನೆಗಳಲ್ಲಿ ಎಲ್ಲರ ಪುಸ್ತಕವೂ ಮನೆಯೊಡತಿಯ ಕೈಯಲ್ಲೇ ಇರುತ್ತಿತ್ತು. ಅವಳು ಸತ್ತ ಮರುದಿನದಿಂದ ಅಂಗಡಿಗೆ ಹೋಗುವವರು ಯಾರು? ಅವಳ ಪಾಲಿನ ವಾರದ 2 ಔನ್ಸ್ ಚಹಾ, 8 ಔನ್ಸ್ ಸಕ್ಕರೆ, 4 ಔನ್ಸ್ ಬೇಕನ್ ತರುವುದೋ ಬಿಡುವುದೋ? ತಂದರೆ ಸತ್ತವಳ ಹೆಸರಲ್ಲಿ ಮೋಸ. ಬಿಟ್ಟರೆ ಅವಳು ಊರಿಗೆ ಹೋಗಿದ್ದಾಳೆ ಎಂಬ ಸುಳ್ಳಿಗೆ ‘ಪುಸ್ತಕ ಇಲ್ಲೇ ಇದೆಯಲ್ಲ, ಅಲ್ಲೇನು ತಿನ್ನುತ್ತಾಳೆ’ ಎಂಬ ಪ್ರಶ್ನೆ ಕಾದಿರುತ್ತದೆ. ಪುಸ್ತಕ ಬಿಟ್ಟು ಊರಿಗೆ ಹೋಗುವವರು ಆ ಕಾಲದಲ್ಲಿ ಇರಲಿಲ್ಲ.

ಜುಲೈಗೆ ಹೊಸ ಪುಸ್ತಕ ಬರುತ್ತದೆ. ಅದಕ್ಕೆ ಗುರುತಿನ ಚೀಟಿ ತೋರಿಸಬೇಕು. ಅಷ್ಟರೊಳಗೆ ಅವನು ಸಿಕ್ಕಿಬೀಳದಿದ್ದರೆ ಆಹಾರ ಕಚೇರಿಯ ಸಾಲಿನಲ್ಲಿ ಸಿಕ್ಕಿಬೀಳಬಹುದು.

ನಿಧಾನಓದು

ಒಳ್ಳೆಯ ವಿವರ. ಆದರೆ ಓದುಗನ ಪರವಾಗಿ ಒಂದು ಆಕ್ಷೇಪ. ಕೊಲೆಗಾರ ಕಾಗದದಲ್ಲೇ ಸಿಕ್ಕಿಬೀಳುತ್ತಾನೆ ಅಂದರೆ ಕಾದಂಬರಿ ಕಚೇರಿಯ ಕಡತದಂತಾಗುವ ಅಪಾಯವಿದೆ. ಬ್ಲ್ಯಾಕ್‌ಔಟ್‌ನ ಭಯ ಎಲ್ಲಿ ಹೋಯಿತು? 1942ರ ಫೆಬ್ರುವರಿಯಲ್ಲಿ ಗಾರ್ಡನ್ ಕಮ್ಮಿನ್ಸ್ ಒಂದು ವಾರದೊಳಗೆ ಲಂಡನ್ನಿನ ನಡುಮಧ್ಯೆ ನಾಲ್ವರು ಹೆಂಗಸರನ್ನು ಕೊಂದ. ಅವನಿಗೆ ನೆರವಾದದ್ದು ಕತ್ತಲೆಯೇ ಅಲ್ಲವೇ?

ರೇಷನ್‌ಚೀಟಿ

ಕತ್ತಲೆ ಅವನಿಗೆ ಅವಕಾಶ ಕೊಟ್ಟದ್ದು ನಿಜ. ಹಿಡಿಸಿದ್ದು ಸಂಖ್ಯೆ. ಪಿಕಾಡಿಲಿ ಹತ್ತಿರ ಒಬ್ಬ ಹೆಂಗಸಿನ ಮೇಲೆ ಕೈಮಾಡಿದಾಗ ಯಾರೋ ಬಂದದ್ದರಿಂದ ಓಡಿಹೋದ. ಅವನ ಗ್ಯಾಸ್ ಮಾಸ್ಕ್ ಚೀಲ ಅಲ್ಲೇ ಉಳಿಯಿತು. ಅದರ ಮೇಲೆ ಅವನ ವಾಯುಪಡೆ ಸೇವಾ ಸಂಖ್ಯೆ 525987 ಇತ್ತು. ನಾಗರಿಕರ ಮಾಸ್ಕ್ ರಟ್ಟಿನ ಪೆಟ್ಟಿಗೆಯಲ್ಲಿರುತ್ತದೆ, ಅದರಲ್ಲಿ ಇಂಥ ಸಂಖ್ಯೆ ಇಲ್ಲ. ಸೈನಿಕರದ್ದು ಬಟ್ಟೆಚೀಲ, ಸಂಖ್ಯೆ ಇರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಬರೆದರೆ ಅಂಥ ದೃಶ್ಯ ನಿಲ್ಲುವುದಿಲ್ಲ.

ಅವನ ವಸತಿಯ ಹಾಜರಿ ಪುಸ್ತಕದ ಪ್ರಕಾರ ಆ ರಾತ್ರಿಗಳಲ್ಲಿ ಅವನು ಒಳಗಿದ್ದ. ಸೈನಿಕರು ಒಬ್ಬರಿಗೊಬ್ಬರು ಹಾಜರಿ ಹಾಕಿಸಿಕೊಳ್ಳುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಸತ್ತವರ ಸಿಗರೇಟು ಪೆಟ್ಟಿಗೆ, ಪೆನ್ನು ಅವನ ಬಳಿ ಸಿಕ್ಕವು. ಸ್ಕಾಟ್ಲೆಂಡ್ ಯಾರ್ಡ್‌ನ ಬೆರಳಚ್ಚು ತಜ್ಞ ಫ್ರೆಡರಿಕ್ ಚೆರಿಲ್, ಕೊಲೆಗಾರ ಎಡಗೈಯವನು ಎಂದು ಹೇಳಿದ್ದರು, ಕಮ್ಮಿನ್ಸ್ ಎಡಚನೇ. ಫೆಬ್ರುವರಿಯಲ್ಲಿ ಕೊಲೆ, ಏಪ್ರಿಲ್‌ನಲ್ಲಿ ತೀರ್ಪು, ಜೂನ್ 25ಕ್ಕೆ ಗಲ್ಲು.

ಹಾಗಾಗಿ ಕತ್ತಲೆ ಬೇಡ ಎನ್ನುತ್ತಿಲ್ಲ. ಆದರೆ ಆ ಕಾಲದ ಸರ್ಕಾರಕ್ಕೆ ಪ್ರತಿಯೊಬ್ಬರ ಊಟ, ವಿಳಾಸ, ಮಲಗುವ ಜಾಗ ಗೊತ್ತಿದ್ದಷ್ಟು ಅದಕ್ಕೆ ಹಿಂದೆ ಎಂದೂ ಗೊತ್ತಿರಲಿಲ್ಲ. ಗೊಂದಲವೇ ತನ್ನನ್ನು ಮುಚ್ಚುತ್ತದೆ ಅಂತ ಕೊಲೆಗಾರ ನಂಬಿರುತ್ತಾನೆ. ಆ ನಂಬಿಕೆ ಮುರಿಯುವುದೇ ನಿಮ್ಮ ಕಥೆ ಆಗಬೇಕು ಅಂತ ನನ್ನ ಅಭಿಪ್ರಾಯ.

ನಿಧಾನಓದು

ಒಪ್ಪಿದೆ. ಇನ್ನೊಂದು ಮಾತು, ಇದು ವಿನಂತಿ. ಕಮ್ಮಿನ್ಸ್‌ನ ಬಗ್ಗೆ ಬರೆಯುವವರು ಅವನಿಗೆ ಪತ್ರಿಕೆ ಕೊಟ್ಟ ಅಡ್ಡಹೆಸರನ್ನು ಹತ್ತು ಸಲ ಬರೆಯುತ್ತಾರೆ, ಸತ್ತ ಹೆಂಗಸರನ್ನು ಅವರ ಕಸುಬಿನಿಂದ ಮಾತ್ರ ಕರೆಯುತ್ತಾರೆ. ಮೊದಲು ಸತ್ತ ಈವ್ಲಿನ್ ಹ್ಯಾಮಿಲ್ಟನ್ ಔಷಧ ವಿತರಕಿ, ಕೆಲಸಕ್ಕಾಗಿ ಊರು ಬದಲಿಸುತ್ತಿದ್ದವಳು. ನಿಮ್ಮ ಕಥೆಯಲ್ಲೂ ಮನೆಯೊಡತಿ ಹೆಣವಾಗಿಯೇ ಶುರುವಾಗುತ್ತಾಳೆ. ಮೊದಲ ಮೂವತ್ತು ಪುಟ ಅವಳು ಬದುಕಿರಲಿ. ಹತ್ತು ಜನರ ರೇಷನ್ ಪುಸ್ತಕ ಹಿಡಿದು ಸಾಲಿನಲ್ಲಿ ನಿಲ್ಲುವುದು, ಒಂದು ಶಿಲ್ಲಿಂಗ್ ಆಸುಪಾಸಿಗೆ ಸಿಗುವ ವಾರದ ಮಾಂಸವನ್ನು ಎಷ್ಟು ಹೊತ್ತಿನ ಊಟಕ್ಕೆ ಹಂಚಬೇಕೆಂಬ ಲೆಕ್ಕ, ಇದೆಲ್ಲ ಅವಳ ಕೈಯಲ್ಲೇ ನಡೆಯಲಿ. ಅವಳು ಇಲ್ಲವಾದಾಗ ಅಡುಗೆಮನೆ ಹೇಗೆ ಏರುಪೇರಾಯಿತು ಎಂಬುದು ಆಗ ಓದುಗನಿಗೆ ತಾನೇ ಕಾಣುತ್ತದೆ.

ಕಾರಿರುಳು

ಎಲ್ಲರಿಗೂ ಧನ್ಯವಾದ. ಪಕ್ಕದ ಮನೆ, ಒಡೆದ ಗೋಡೆ, ವಾರ್ಡನ್ ಹೆಂಗಸು ಮೂರನ್ನೂ ತೆಗೆದುಕೊಳ್ಳುತ್ತಿದ್ದೇನೆ. ಎರಡು ಹೊಸ ಪ್ರಶ್ನೆ. ಒಂದು, ಕತ್ತು ಹಿಸುಕುವ ಬದಲು ಅಡುಗೆ ಅನಿಲದಿಂದ ಸಾವಾದರೆ? ದಾಳಿಯಲ್ಲಿ ಪೈಪ್ ಒಡೆದು ಸತ್ತವರೂ ಇದ್ದರಲ್ಲ. ಎರಡು, ಕಾಲಕ್ಕೆ ಹೊಂದದ ವಸ್ತುಗಳು ಯಾವುವು?

ಶವಪರೀಕ್ಷೆ

ಅನಿಲದ ಪ್ರಶ್ನೆಗೆ. ಆಗಿನದು ಕಲ್ಲಿದ್ದಲಿನಿಂದ ತಯಾರಿಸಿದ ಅನಿಲ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇತ್ತು. ಅದಕ್ಕೆ ಸತ್ತವರ ಚರ್ಮದ ಕಲೆ ನೇರಳೆಯ ಬದಲು ಕೆಂಪು ಛಾಯೆ ತಾಳುತ್ತದೆ, ರಕ್ತ ಪರೀಕ್ಷೆಯಲ್ಲಿ ಖಚಿತವಾಗುತ್ತದೆ. ಕುಸಿದ ಮನೆಗಳಲ್ಲಿ ಹಾಗೆ ಸತ್ತವರು ಇದ್ದದ್ದರಿಂದ ಆ ಬಣ್ಣ ಶವಾಗಾರದವರಿಗೆ ಹೊಸದಲ್ಲ. ಕೊಲೆಗಾರನಿಗೆ ಇದು ಹೆಚ್ಚು ಸುರಕ್ಷಿತ, ಕಥೆಗೂ ಹೆಚ್ಚು ಒಪ್ಪುತ್ತದೆ.

ಆದರೆ ತೊಡಕು ಇಲ್ಲಿದೆ. ದಾಳಿಯಲ್ಲಿ ಬೀದಿಯ ಕೊಳವೆ ಒಡೆದರೆ ಇಡೀ ಪ್ರದೇಶಕ್ಕೆ ಅನಿಲ ನಿಲ್ಲುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಸತ್ತದ್ದು ಯಾವ ಹೊತ್ತು, ಆ ಬೀದಿಗೆ ಅನಿಲ ಬರುತ್ತಿದ್ದದ್ದು ಯಾವ ಹೊತ್ತಿನ ತನಕ ಎಂದು ಅನಿಲ ಕಂಪನಿಯ ದಾಖಲೆ ಹೇಳುತ್ತದೆ. ಬಾಡಿಗೆ ಕೋಣೆಗಳಲ್ಲಿ ನಾಣ್ಯ ಹಾಕುವ ಮೀಟರ್ ಇರುತ್ತದೆ. ಹಾಕಿದ ಕಾಸು ಮುಗಿದರೆ ಅನಿಲ ನಿಂತುಹೋಗುತ್ತದೆ. ಕೋಣೆಯ ಗಾತ್ರ, ಕಿಟಕಿಯ ಬಿರುಕು, ಮೀಟರಿನೊಳಗಿನ ನಾಣ್ಯ ಮೂರೂ ಲೆಕ್ಕಕ್ಕೆ ಬರುತ್ತವೆ. ಬ್ಲ್ಯಾಕ್‌ಔಟ್‌ಗೆ ಕಿಟಕಿ ಬಿಗಿಯಾಗಿ ಮುಚ್ಚಿದ್ದರಿಂದ ಸಣ್ಣ ಸೋರಿಕೆಯೂ ಆಗ ಅಪಾಯಕಾರಿಯಾಗಿತ್ತು.

ಹಳೇನಕ್ಷೆ

ಎರಡನೆಯ ಪ್ರಶ್ನೆಗೆ ನಾನು. 1941ರ ಏಪ್ರಿಲ್‌ನಲ್ಲಿ ಬಟ್ಟೆಗೆ ಕೂಪನ್ ಇರಲಿಲ್ಲ. ಅದು ಬಂದದ್ದು ಜೂನ್ 1ಕ್ಕೆ, ವರ್ಷಕ್ಕೆ 66 ಕೂಪನ್, ಗಂಡಸಿನ ಒಂದು ಸೂಟಿಗೇ 26. ಚೀಸ್ ರೇಷನ್ ಮೇ ತಿಂಗಳಿಂದ, ಸೋಪು 1942ರ ಫೆಬ್ರುವರಿಯಿಂದ. ಬ್ರೆಡ್ ಯುದ್ಧ ಮುಗಿಯುವ ತನಕ ರೇಷನ್ ಆಗಲೇ ಇಲ್ಲ, ಆದದ್ದು 1946ರಲ್ಲಿ. ಬ್ರೆಡ್ ಕೂಪನ್ ಕದಿಯುವ ಪಾತ್ರ ಇದ್ದರೆ ತೆಗೆದುಬಿಡಿ.

ನೈಲಾನ್ ಕಾಲುಚೀಲ ಕೊಡುವ ಅಮೆರಿಕನ್ ಸೈನಿಕ ಕೂಡ ಬೇಡ. ಅಮೆರಿಕನ್ ಪಡೆ ಬ್ರಿಟನ್ನಿಗೆ ಬಂದಿಳಿದದ್ದು 1942ರ ಜನವರಿಯಲ್ಲಿ. ‘ಶಾಂತವಾಗಿರಿ, ಮುಂದುವರಿಯಿರಿ’ ಎಂಬ ಕೆಂಪು ಭಿತ್ತಿಪತ್ರವನ್ನು ಗೋಡೆಯ ಮೇಲೆ ಅಂಟಿಸಬೇಡಿ. 1939ರಲ್ಲಿ ಅಚ್ಚಾದರೂ ಅದನ್ನು ಹೆಚ್ಚುಕಡಿಮೆ ಬಳಸಲೇ ಇಲ್ಲ, ಜನಪ್ರಿಯವಾದದ್ದು ಈ ಶತಮಾನದಲ್ಲಿ.

ಇಗರ್ಜಿ ಗಂಟೆ ಬಾರಿಸುವ ಹಾಗಿಲ್ಲ. 1940ರ ಜೂನ್‌ನಿಂದ ಅದು ಶತ್ರು ಸೇನೆ ನೆಲಕ್ಕೆ ಬಂದಿಳಿದ ಸೂಚನೆಗೆ ಮಾತ್ರ ಮೀಸಲು, ಮತ್ತೆ ಮೊಳಗಿದ್ದು 1942ರ ನವೆಂಬರ್ 15ರಂದು, ಈಜಿಪ್ಟಿನ ಎಲ್ ಅಲಮೀನ್ ಗೆಲುವಿಗೆ. ಭಾನುವಾರ ಗಂಟೆ ಕೇಳಿ ಹೊತ್ತು ತಿಳಿದೆ ಎಂದು ಸಾಕ್ಷಿ ಹೇಳಿದರೆ ಅವನು ಸುಳ್ಳುಗಾರ. ಬೇಕಾದರೆ ಇದನ್ನೇ ಸುಳಿವು ಮಾಡಿಕೊಳ್ಳಿ. ಪತ್ರಿಕೆ, ರೇಡಿಯೊದಲ್ಲಿ ಹವಾಮಾನ ಮುನ್ಸೂಚನೆ ಬರುತ್ತಿರಲಿಲ್ಲ. ಬಾಂಬ್ ಬಿದ್ದ ಬೀದಿಯ ಹೆಸರನ್ನೂ ಮರುದಿನ ಅಚ್ಚು ಮಾಡುವಂತಿರಲಿಲ್ಲ. ಆ ಮನೆಗೆ ಬಾಂಬ್ ಬಿದ್ದದ್ದು ಪತ್ರಿಕೆ ಓದಿ ತಿಳಿಯಿತು ಎಂದು ನಿಮ್ಮ ಗಂಡ ಹೇಳಿದರೆ ಅಲ್ಲೇ ಸಿಕ್ಕಿಬಿದ್ದ.

ಟಾರ್ಚ್ ಇಟ್ಟುಕೊಳ್ಳಬಹುದಿತ್ತು, ಗಾಜಿಗೆ ತೆಳು ಕಾಗದ ಕಟ್ಟಬೇಕು. ಸೆಲ್ ಸಿಗುವುದೇ ಕಷ್ಟ. ಫುಟ್‌ಪಾತಿನ ಅಂಚು, ಮರದ ಬುಡ, ದೀಪದ ಕಂಬಕ್ಕೆ ಬಿಳಿ ಬಣ್ಣ ಬಳಿದಿರುತ್ತಿದ್ದರು. ಬಿಳಿ ಬಣ್ಣ ಕಾಣದ ಕಡೆ ಏನೋ ಅಡ್ಡ ಬಿದ್ದಿದೆ ಎಂದು ದಾರಿಹೋಕರಿಗೆ ಗೊತ್ತಾಗುತ್ತಿತ್ತು.

ನಿಧಾನಓದು

ಲೂಟಿಯನ್ನೂ ಸೇರಿಸಿ. ಬಾಂಬ್ ಬಿದ್ದ ಮನೆಯಲ್ಲಿ ಕದ್ದರೆ ಕಾನೂನಿನಲ್ಲಿ ಮರಣದಂಡನೆಯ ತನಕ ಅವಕಾಶವಿತ್ತು, ಹಾಗೆ ಯಾರನ್ನೂ ಗಲ್ಲಿಗೇರಿಸಲಿಲ್ಲ. 1941ರ ಮಾರ್ಚ್ 8ರಂದು ಲಂಡನ್ನಿನ ನೈಟ್ ಕ್ಲಬ್ ಕೆಫೆ ಡಿ ಪ್ಯಾರಿಸ್ ಮೇಲೆ ಬಾಂಬ್ ಬಿದ್ದಾಗ ಸತ್ತವರ ಬೆರಳಿನ ಉಂಗುರ ಕದ್ದವರಿದ್ದರು. ನಿಮ್ಮ ಕಥೆಗೆ ಇದರಿಂದ ಒಂದು ಅಡ್ಡದಾರಿ ಸಿಗುತ್ತದೆ. ಹೆಂಡತಿಯ ಉಂಗುರ ಹೆಣದ ಮೇಲಿಲ್ಲ ಅಂದರೆ ಪೊಲೀಸರು ಮೊದಲು ರಕ್ಷಣಾ ದಳದವರನ್ನೇ ಹಿಡಿಯುತ್ತಾರೆ.

ಇದೇ ಕಥೆಯನ್ನು ಬೆಂಗಳೂರಿಗೆ ತರಬಹುದೇ ಎಂದು ಇನ್ನೊಂದು ಕಡೆ ಯಾರೋ ಕೇಳಿದ್ದರು. ಯಾರಿಗಾದರೂ ಅಭಿಪ್ರಾಯ ಇದೆಯೇ?

ಹಳೇನಕ್ಷೆ

ಇದೇ ಕಥೆ ತಂದರೆ ನಿಲ್ಲುವುದಿಲ್ಲ, ಬೆಂಗಳೂರಿನ ಮೇಲೆ ಬಾಂಬ್ ಬೀಳಲಿಲ್ಲ. ಆದರೆ ಬೇರೆ ಕಥೆಗೆ ಆ ಊರು ಅಪರೂಪದ ಜಾಗ. ಆಗ ಊರು ಎರಡು ಆಡಳಿತದಲ್ಲಿತ್ತು. ಪೇಟೆ ಮೈಸೂರು ಮಹಾರಾಜರದು, ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಪೇಟೆಯಲ್ಲಿ ಕೊಲೆ ಮಾಡಿ ಬೀದಿ ದಾಟಿ ದಂಡಿಗೆ ಹೋದವನು ಬೇರೆ ಪೊಲೀಸರ, ಬೇರೆ ನ್ಯಾಯಾಲಯದ ವ್ಯಾಪ್ತಿಗೆ ಹೋದ ಹಾಗೆ. 1940ರ ಡಿಸೆಂಬರ್‌ನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಇಟಲಿಯ ಯುದ್ಧಕೈದಿಗಳ ಶಿಬಿರಗಳು, ದಂಡಿನ ತುಂಬ ಸೈನಿಕರು. ಅದಕ್ಕೆ ಬೇರೆಯೇ ಚರ್ಚೆ ಬೇಕು, ಇಲ್ಲಿ ಬೆರೆಸುವುದು ಬೇಡ.

ಕಾರಿರುಳು

ಈಗಿನ ಕ್ರಮ ಹೀಗಿದೆ. ಏಪ್ರಿಲ್ 14ರ ರಾತ್ರಿ ಕೊಲೆ, ಅನಿಲದಿಂದ. 15ರಂದು ಬಾಡಿಗೆದಾರರಿಗೆ ‘ತಂಗಿಯ ಮನೆಗೆ ಹೋದಳು’ ಎಂಬ ಸುಳ್ಳು. 16ರ ರಾತ್ರಿ ಪಕ್ಕದ ಮನೆಗೆ ಬಾಂಬ್, ಗೋಡೆಯ ಬಿರುಕಿನಿಂದ ಹೆಣ ಆಚೆಗೆ. 17ರ ಬೆಳಗ್ಗೆ ವಾರ್ಡನ್‌ಗೆ ಒಂದು ಹೆಣ ಜಾಸ್ತಿ. ಗಂಡ ಬಂದು ಅತ್ತು ಗುರುತಿಸುತ್ತಾನೆ, ತಂಗಿಯ ಮನೆಯಿಂದ ಆ ರಾತ್ರಿಯೇ ಮರಳಿ ಪಕ್ಕದ ಮನೆಗೆ ಹೋಗಿದ್ದಳು ಎನ್ನುತ್ತಾನೆ. ಅನಿಲದ ಸಾವು ಎಂದು ಎಲ್ಲರೂ ಒಪ್ಪುತ್ತಾರೆ. ಇದನ್ನು ಮುರಿಯುವುದು ಯಾವುದು?

ಶವಪರೀಕ್ಷೆ

ಆ ಬೀದಿಯ ಅನಿಲ. 16ರ ರಾತ್ರಿಯ ಮೊದಲ ಬಾಂಬ್‌ಗಳಿಗೇ ಬೀದಿಯ ಮುಖ್ಯ ಕೊಳವೆ ಒಡೆದು, ಪಕ್ಕದ ಮನೆ ಬೀಳುವ ಹೊತ್ತಿಗೆ ಅಲ್ಲಿ ಅನಿಲವೇ ಇರಲಿಲ್ಲ ಎಂದು ಮಾಡಿ. ಆ ಮನೆಯ ನಾಲ್ವರು ಕಲ್ಲುಮಣ್ಣಿನಡಿ ಸತ್ತಿದ್ದಾರೆ, ಅವರ ಗಂಟಲಲ್ಲಿ ಧೂಳು. ಇವಳೊಬ್ಬಳದೇ ಕೆಂಪು ಕಲೆ. ಆದರೆ ಇದನ್ನು ವೈದ್ಯರು ನೋಡಲು ಕಾರಣ ಬೇಕು, ಆ ಕಾರಣ ವಾರ್ಡನ್ ಕೊಡಬೇಕು. ಅವಳು ಕಾರೊನರ್ ಕಚೇರಿಗೆ ಹೋಗಿ ಕೇಳದಿದ್ದರೆ ಹೆಣ ಎರಡು ಮೂರು ದಿನದಲ್ಲಿ ಮಣ್ಣಾಗುತ್ತದೆ. ಆಮೇಲೆ ಹೊರತೆಗೆಯಲು ಆದೇಶ ಬೇಕು.

ರೇಷನ್‌ಚೀಟಿ

ಅವಳು ಹೋಗಲು ಧೈರ್ಯ ಕೊಡುವ ಸಂಗತಿ ಅಂಗಡಿಯಲ್ಲಿ ಸಿಗಲಿ. ಮನೆಯೊಡತಿ ತಂಗಿಯ ಮನೆಗೆ ಹೋದದ್ದು ನಿಜವಾದರೆ ತನ್ನ ಪುಸ್ತಕ ಒಯ್ದಿರಬೇಕಿತ್ತು. 16ರ ಬೆಳಗ್ಗೆ ಗಂಡ ಇಡೀ ಮನೆಯ ಪುಸ್ತಕಗಳನ್ನು ತಂದು ರೇಷನ್ ಕೊಂಡಿದ್ದಾನೆ, ಅವಳದನ್ನೂ ಸೇರಿಸಿ. ಆ ವಾರದ ಚಹಾ ಮತ್ತು ಸಕ್ಕರೆಯ ಗುರುತನ್ನು ಅಂಗಡಿಯವನು ಅವಳ ಪುಸ್ತಕದಲ್ಲಿ ಹಾಕಿದ್ದಾನೆ. ವಾರ್ಡನ್ ಅದೇ ಅಂಗಡಿಯ ಸಾಲಿನಲ್ಲಿ ಅವನ ಹಿಂದೆ ನಿಂತಿದ್ದಳು ಅಂತ ಮಾಡಿ. ಆಗ ಅವಳು ಯಾರ ಮಾತನ್ನೂ ನಂಬಬೇಕಾಗಿಲ್ಲ, ತಾನೇ ನೋಡಿದ್ದನ್ನು ಹೇಳಿದರೆ ಸಾಕು.